ಗೊಂಬೆಯೊಳಗೆ ತುಂಬಿದ್ದು ಏನು? ಅನುಭವ ಇದ್ದವರು ಹೇಳಿ

ಹೊಸ ಅಪ್ಪ: ಜಾತ್ರೆಯಲ್ಲಿ 180 ರೂಪಾಯಿಗೆ ತಂದ ಕರಡಿಯ ಕಂಕುಳ ಹೊಲಿಗೆ ಬಿಚ್ಚಿದೆ. ಬಣ್ಣಬಣ್ಣದ ಬಟ್ಟೆಚೂರು ಉದುರುತ್ತಿದೆ, ಮುಗ್ಗಲು ವಾಸನೆ ಬೇರೆ. ಮಗಳಿಗೆ ಒಂದೂವರೆ ವರ್ಷ, ಅದಿಲ್ಲದೆ ಮಲಗುವುದಿಲ್ಲ. ಒಗೆದರೆ ಸಾಕೇ? ಐಎಸ್‌ಐ ಗುರುತಿನದೇ ಕೊಳ್ಳಬೇಕೇ?

ಇಬ್ಬರ ಅಮ್ಮ: ಐಎಸ್‌ಐ ನಂಬಿ 1,150 ರೂಪಾಯಿಯ ಆನೆ ತಂದವಳು ನಾನು. ಮಗನಿಗೆ ಉಬ್ಬಸ ಬಂತು. ಧೂಳುಹುಳು ಸಾಯಲು 60 ಡಿಗ್ರಿ ನೀರು ಬೇಕು ಎಂದರು. ಹಾಗೇ ಒಗೆದೆ. ಮೂರನೆಯ ಒಗೆತಕ್ಕೆ ಪಾಲಿಯೆಸ್ಟರ್ ಎಲ್ಲ ಒಂದೇ ಕಾಲಿಗಿಳಿದು ಆನೆಗೆ ಆನೆಕಾಲು! ಆಷಾಢದ ಮಳೆಯಲ್ಲಿ ನಾಲ್ಕು ದಿನ ನೇತುಹಾಕಿದರೂ ಒಳಗೆ ತೇವ, ಬೂಷ್ಟು. ವೈದ್ಯರಿಗೆ 600, ನೆಬ್ಯುಲೈಸರ್‌ಗೆ 1,900. ಕೊನೆಗೆ ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಗುರುತಿನ ಜೊತೆಗಿದ್ದ ಸಿಎಂ/ಎಲ್ (ಪರವಾನಗಿ) ಸಂಖ್ಯೆ ಹಾಕಿದರೆ ಅದು ಯಾವುದೋ ಪ್ಲಾಸ್ಟಿಕ್ ಕೊಳವೆಯವರ ಪರವಾನಗಿ. ಆನೆ ಅಟ್ಟ ಸೇರಿದೆ.

ಬೂರುಗದಜ್ಜಿ: ಮನೆಯಲ್ಲೇ ಮಾಡಿ ಎಂದು ಬಡಿದುಕೊಳ್ಳುವುದು ಇದಕ್ಕೇ. ಮೊಮ್ಮಗಳಿಗೆ ಮೊಲ ಹೊಲಿದೆ. ತೋಟದ ಬೂರುಗದ ಅರಳೆಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಬೀಜ ಒಂದೊಂದೇ ಬಿಡಿಸಿ, ಹಿಂಜಿ ತುಂಬಿದೆ. (ಬೀಜ ಉಳಿದರೆ ಇಲಿ ಬರುತ್ತದೆ. ಮೊದಲ ಮೊಲವನ್ನು ಇಲಿಯೇ ತಿಂದಿತು.) ಗುಂಡಿ ಕಿತ್ತು ನುಂಗಿಯಾಳೆಂದು ಕಣ್ಣಿಗೆ ಕಸೂತಿ. ಖರ್ಚು ದಾರಕ್ಕೆ 20 ರೂಪಾಯಿ, ಅಷ್ಟೇ.

ಗೊಂಬೆ ಹೊಲಿಯುವವಳು: ಬೂರುಗ ಬೆಂಕಿ ಸೋಕಿದರೆ ಕರ್ಪೂರ, ಅಮ್ಮ. ಆಟಿಕೆ ಸುರಕ್ಷತೆಯ ಮಾನದಂಡ ಐಎಸ್ 9873ರಲ್ಲಿ ಉರಿಯುವ ಗುಣಕ್ಕೆಂದೇ ಎರಡನೆಯ ಭಾಗವಿದೆ. 2021ರ ಜನವರಿ 1ರಿಂದ ಐಎಸ್‌ಐ ಇಲ್ಲದೆ ಆಟಿಕೆ ಮಾರುವಂತಿಲ್ಲ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡಿರುವುದರಿಂದ ನನಗೆ ವಿನಾಯಿತಿ. ಆದರೂ ಕಿಲೋಗೆ 240 ಕೊಟ್ಟು ಹೊಸ ಫೈಬರನ್ನೇ ತುಂಬುತ್ತೇನೆ, ಎರಡು ಸುತ್ತು ಹೊಲಿಗೆ ಹಾಕುತ್ತೇನೆ, ಮುರಿದ ಸೂಜಿ ಉಳಿದೀತೆಂದು ಅಯಸ್ಕಾಂತ ಆಡಿಸುತ್ತೇನೆ. ಒಮ್ಮೆ ಸಿಕ್ಕಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೂರುಗದಜ್ಜಿ: ಮೂರು ತಲೆಮಾರು ಬೂರುಗದ ದಿಂಬಿನ ಮೇಲೆ ಮಲಗಿದ್ದೇವೆ, ಯಾರೂ ಸುಟ್ಟುಕೊಂಡಿಲ್ಲ. ವಿನಾಯಿತಿ ಎಂದರೆ ಪರೀಕ್ಷೆಯೇ ಆಗಿಲ್ಲ ಎಂದಲ್ಲವೇ? ಅದನ್ನು ಮಾರಿ ನನಗೆ ಭಾಗ ಎರಡು ಓದಿಸುತ್ತೀರಾ?

ಗೊಂಬೆ ಹೊಲಿಯುವವಳು: ಇಲಿಗೊಂದು, ಮೊಮ್ಮಗಳಿಗೊಂದು ಮೊಲ ಹೊಲಿದವರಿಂದ ಪಾಠ ಬೇಡ.

ಇಬ್ಬರ ಅಮ್ಮ: ಹಿರಿಯರೊಂದಿಗೆ ಮಾತಾಡುವ ರೀತಿಯೇ ಇದು?

ಹಾಸಿಗೆ ಅಂಗಡಿಯವ: ಅವರ ಜಗಳ ಇರಲಿ. 240 ಯಾರು ತೆಗೆದುಕೊಂಡರು ಮೇಡಂ? ನಾನು 170ಕ್ಕೆ ಕೊಡುತ್ತೇನೆ. ಜಾತ್ರೆ ಗೊಂಬೆಯಲ್ಲಿರುವುದು ಗಾರ್ಮೆಂಟ್ಸ್ ನೆಲದಿಂದ ಗುಡಿಸಿದ ಚಿಂದಿ, ಕಿಲೋಗೆ ಹತ್ತಿಪ್ಪತ್ತು ರೂಪಾಯಿ.

ಹೊಸ ಅಪ್ಪ: ನಿನ್ನೆ ರಾತ್ರಿ ಕರಡಿಯನ್ನು ಬಿಚ್ಚಿದೆ. ಚಿಂದಿಯ ನಡುವೆ ಒಂದು ಬೀಡಿ ತುಂಡು, ಅರ್ಧ ಜಿಪ್. ಹೊರಬಟ್ಟೆಯನ್ನು ಒಗೆದು ಹಾಕಿದ್ದೇನೆ. ಹೊಸ ಫೈಬರ್ ಕಾಲು ಕಿಲೋ ಸಾಕಾಗುತ್ತದೆಯೇ?

ಹಾಸಿಗೆ ಅಂಗಡಿಯವ: ಐದು ಕಿಲೋಗಿಂತ ಕಡಿಮೆ ಕೊಡುವುದಿಲ್ಲ ಸರ್.

ಗೊಂಬೆ ಹೊಲಿಯುವವಳು: ನೋಡಿದಿರಾ ಇವರ 170!