ಯುಗಾದಿಗೆ ಮೂರು ವಾರ: ಮಲ್ಲಿಗೆ ಈಗ ಸವರಬಹುದಾ? ದಾಸವಾಳದ ಬಿಳಿ ಹಿಟ್ಟು, ಬೆಂಡೆ, ಹೀರೆ ಬಗ್ಗೆಯೂ ಹೇಳಿ

ತಾರಸಿಮನೆ

ಊರು ಮೈಸೂರು, ಮೊದಲ ಮಹಡಿಯ ತಾರಸಿ. ಬೆಳಗ್ಗೆ ಏಳೂವರೆಯಿಂದ ಮಧ್ಯಾಹ್ನ ಎರಡರವರೆಗೆ ನೇರ ಬಿಸಿಲು, ಆಮೇಲೆ ಪಕ್ಕದ ಕಟ್ಟಡದ ನೆರಳು. ಬೋರ್‌ವೆಲ್ ನೀರು, ಗಡಸು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತೆ.

1) ದುಂಡುಮಲ್ಲಿಗೆ, 14 ಇಂಚಿನ ಕುಂಡ, ನಾಲ್ಕು ವರ್ಷದ ಗಿಡ. ಡಿಸೆಂಬರಿನಲ್ಲಿ ಸವರಿಲ್ಲ. ಈಗ ಬಳ್ಳಿ ಥರ ಉದ್ದುದ್ದ ಹೋಗಿದೆ. ತುದಿಯ ಎಳೆ ಎಲೆಗಳು ಹಳದಿ, ನರ ಮಾತ್ರ ಹಸಿರು. ಈಗ ಕತ್ತರಿ ಹಾಕಿದರೆ ಈ ಬೇಸಿಗೆಯ ಹೂವು ಪೂರ್ತಿ ತಪ್ಪಿಹೋಗುತ್ತಾ? ಎಪ್ಸಮ್ ಸಾಲ್ಟ್ ಎರಡು ಸಲ ಹಾಕಿದ್ದಾಯಿತು, ಹಳದಿ ಹೋಗಿಲ್ಲ.

2) ದಾಸವಾಳದ ಮೊಗ್ಗಿನ ತೊಟ್ಟಿಗೆ ಹತ್ತಿ ಅಂಟಿಸಿದ ಹಾಗೆ ಬಿಳಿ ಹಿಟ್ಟು. ಬೇವಿನೆಣ್ಣೆ ಹೊಡೆದರೆ ಎಲೆ ಸುಟ್ಟಿತೇ ಹೊರತು ಹಿಟ್ಟು ಹೋಗಲಿಲ್ಲ.

3) ಬೆಂಡೆ, ಹೀರೆ ಈಗ ಹಾಕಿದರೆ ಬರುತ್ತಾ? ಯಾವ ಅಳತೆಯ ಗ್ರೋಬ್ಯಾಗ್?

4) ಕರಿಬೇವಿನ ಚಿಗುರನ್ನು ಏನೋ ತಿಂದು ಕಡ್ಡಿ ಮಾಡಿದೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿಟ್ಟರೆ ಬೇರೇನೂ ಕಾಣಲ್ಲ.

ಹಿತ್ತಲಗಿಡ

ಮೊದಲು ಮಲ್ಲಿಗೆ. ದುಂಡುಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಸವರದೆ ಬಿಟ್ಟರೆ ಗಿಡ ಹಳೆ ಕಡ್ಡಿಯನ್ನೇ ಉದ್ದ ಮಾಡುತ್ತಾ ಹೋಗುತ್ತೆ, ಚಿಗುರಿನ ಸಂಖ್ಯೆ ಕಡಿಮೆ, ಹೂವೂ ಕಡಿಮೆ. ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ಅರ್ಧಕ್ಕೆ ಕತ್ತರಿಸೋದು ಸರಿಯಾದ ಕ್ರಮ. ಮಾರ್ಚಿನಲ್ಲಿ ಅಷ್ಟು ಬೇಡ, ಬಿಸಿಲಿಗೆ ಬೋಳು ಕಡ್ಡಿ ಒಣಗುತ್ತೆ. ಮೂರನೇ ಒಂದು ಭಾಗ ತೆಗೆಯಿರಿ, ಸಾಕು.

ಕತ್ತರಿಸುವ ಮುಂಚೆ ಮೂರು ದಿನ ನೀರು ಕಡಿಮೆ ಮಾಡಿ, ಮೇಲಿನ ಎರಡು ಇಂಚು ಮಣ್ಣು ಒಣಗಲಿ. ಎಲೆ ಜೋಡಿ ಹುಟ್ಟುವ ಗಿಣ್ಣಿನಿಂದ ಕಾಲು ಇಂಚು ಮೇಲೆ, ಓರೆಯಾಗಿ ಕತ್ತರಿಸಿ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ, ಬುಡದಿಂದ ಎದ್ದ ಸಣಕಲು ಕಡ್ಡಿ ಬುಡಸಮೇತ ಹೋಗಲಿ. ಉಳಿದ ಕಡ್ಡಿಗಳ ಹಳೆ ಎಲೆಯನ್ನೂ ಕೈಯಿಂದ ಕಿತ್ತುಬಿಡಿ. ಇದನ್ನು ಬಹಳ ಜನ ಬಿಡುತ್ತಾರೆ. ಎಲೆ ಉದುರಿದರೇನೇ ಅದರ ಕಂಕುಳಿನ ಮೊಗ್ಗು ಎದ್ದೇಳೋದು. ಆಮೇಲೆ ಮೇಲಿನ ಎರಡು ಇಂಚು ಮಣ್ಣು ಕೆದಕಿ ತೆಗೆದು, ಆ ಜಾಗಕ್ಕೆ ಮೂರು ಬೊಗಸೆ ಹಳೆಯ ಎರೆಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಹಾಕಿ, ತಳದ ತೂತಿನಿಂದ ನೀರು ಇಳಿಯುವಷ್ಟು ನೀರು ಕೊಡಿ.

ಹತ್ತು ಹನ್ನೆರಡು ದಿನಕ್ಕೆ ಚಿಗುರು, ಐದಾರು ವಾರಕ್ಕೆ ಮೊಗ್ಗು. ಅಂದರೆ ಯುಗಾದಿ ತಪ್ಪುತ್ತೆ, ಏಪ್ರಿಲ್ ಮಧ್ಯದಿಂದ ಹೂವು ಸಿಗುತ್ತೆ. ಹಬ್ಬದ ದಿನಕ್ಕೆ ಒಂದು ಬೊಗಸೆಯಾದರೂ ಬೇಕು ಅನ್ನಿಸಿದರೆ, ಈಗಾಗಲೇ ತುದಿಯಲ್ಲಿ ಸಣ್ಣ ಮೊಗ್ಗು ಕಾಣುತ್ತಿರುವ ಎರಡು ಮೂರು ಕಡ್ಡಿ ಮುಟ್ಟಬೇಡಿ. ಅದರ ಹೂವು ಮುಗಿದ ಮೇಲೆ ಅವನ್ನು ಸವರಿ.

ಹಳದಿ ಎಲೆಗೆ ಎಪ್ಸಮ್ ಸಾಲ್ಟ್ ಕೆಲಸ ಮಾಡದೇ ಇರೋದು ಸಹಜ. ಅದರಲ್ಲಿರೋದು ಮೆಗ್ನೀಸಿಯಂ, ಅದರ ಕೊರತೆ ಮೊದಲು ಕೆಳಗಿನ ಹಳೆ ಎಲೆಯಲ್ಲಿ ಕಾಣಿಸುತ್ತೆ. ನಿಮ್ಮದು ತುದಿಯ ಎಳೆ ಎಲೆಯಲ್ಲಿದೆ, ನರ ಹಸಿರಾಗಿ ಉಳಿದಿದೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಡಸು ನೀರು ಮಣ್ಣನ್ನು ಕ್ಷಾರ ಮಾಡಿ ಬೇರಿಗೆ ಸಿಗದ ಹಾಗೆ ಕಟ್ಟಿಹಾಕುತ್ತೆ. ಒಂದು ಲೀಟರ್ ನೀರಿಗೆ ಮೊದಲು ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಆಮೇಲೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಅನ್ನಭೇದಿ ತಿಳಿ ಹಸಿರು ಹರಳಾಗಿರಬೇಕು. ಅಂಗಡಿಯಲ್ಲಿ ಕಂದು ಪುಡಿ ಕೊಟ್ಟರೆ ಅದು ಗಾಳಿಗೆ ಹಾಳಾದದ್ದು. ಕಲಸಿದ್ದನ್ನು ಮರುದಿನಕ್ಕೆ ಇಡಬೇಡಿ. ಹತ್ತು ದಿನದ ಅಂತರದಲ್ಲಿ ಮೂರು ಸಲ. ತಾರಸಿ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಕೂರುತ್ತೆ, ಗೋಣಿಚೀಲ ಹಾಸಿಕೊಳ್ಳಿ. ಹಳದಿಯಾದ ಎಲೆ ಪೂರ್ತಿ ಹಸಿರಾಗಲ್ಲ, ಹೊಸ ಚಿಗುರು ನೋಡಿ ಅಳೆಯಿರಿ.

ಕರಾವಳಿ ಹಿತ್ತಲು

ಮೂರನೇ ಒಂದು ಭಾಗ ಈಗ ತುಸು ಜಾಸ್ತಿಯೇ ಅಂತ ನನ್ನ ಲೆಕ್ಕ. ತುದಿಯಿಂದ ಆರು ಇಂಚು ಚಿವುಟಿ, ಎಲೆ ಕಿತ್ತರೆ ಸಾಕು. ಉಡುಪಿ ಕಡೆ ಬೇಸಿಗೆಯ ಹೂವು ಅಂದರೆ ಜನ ಒಂದೊಂದು ಮೊಗ್ಗೂ ಲೆಕ್ಕ ಹಾಕುತ್ತಾರೆ. ಶಂಕರಪುರ ಮಲ್ಲಿಗೆಯ ವ್ಯಾಪಾರವೇ ಎಣಿಕೆಯದ್ದು: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬಾಳೆನಾರಿನಲ್ಲಿ ಕಟ್ಟಿದ್ದು.

ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿ ಬಿಟ್ಟರೆ ಇಲ್ಲ. 100 ಗ್ರಾಂ ಹಿಂಡಿ ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಯಲಿ, ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಅದರ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಕುಂಡಕ್ಕೆ ಒಂದು ಲೀಟರಿನಂತೆ ಹದಿನೈದು ದಿನಕ್ಕೊಮ್ಮೆ. ಒಣ ಹಿಂಡಿಯನ್ನು ಹಾಗೇ ಬುಡಕ್ಕೆ ಹಾಕಿದರೆ ಇರುವೆ, ಬೂಷ್ಟು, ಕೊನೆಗೆ ಹೆಗ್ಗಣ. ನೆನೆಸಿದ್ದರ ವಾಸನೆಗೆ ಮನೆಯವರ ಬೈಗುಳ ಗ್ಯಾರಂಟಿ, ಮುಚ್ಚಳ ಇರುವ ಡಬ್ಬಿ ಬಳಸಿ.

ಮೊಗ್ಗು ಬಂದ ಮೇಲೆ ಒಂದು ಗಮನ. ಬಿಳಿ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಎರಡು ಮೂರು ಒಟ್ಟಿಗೆ ನೂಲಿನಲ್ಲಿ ಅಂಟಿಕೊಂಡಿದ್ದರೆ ಒಳಗೆ ಮೊಗ್ಗು ಕೊರೆಯುವ ಹುಳ ಇದೆ. ಗೊಂಚಲು ಸಮೇತ ಕಿತ್ತು ಸೋಪಿನ ನೀರಿಗೆ ಹಾಕಿ. ಬುಡಕ್ಕೆ ಎಸೆದರೆ ಮಣ್ಣಿನಲ್ಲೇ ಕೋಶ ಕಟ್ಟಿ ಮತ್ತೆ ಬರುತ್ತೆ.

ಕೊಯ್ಯುವ ಹೊತ್ತು ಸಂಜೆ ನಾಲ್ಕೂವರೆ. ನಾಳೆಯ ಮೊಗ್ಗು ಆಗ ಇನ್ನೂ ಹಸಿರು ಬೆರೆತು ಗಟ್ಟಿ ಇರುತ್ತೆ. ಇವತ್ತಿನದ್ದು ಹಾಲುಬಿಳಿ, ಹೊಟ್ಟೆ ಉಬ್ಬಿ, ತುದಿ ಮಾತ್ರ ಬಿಗಿ. ಹಸಿರು ಇದ್ದದ್ದನ್ನು ಕಿತ್ತರೆ ಅರಳೋದೇ ಇಲ್ಲ. ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿಟ್ಟರೆ ರಾತ್ರಿ ಊಟದ ಹೊತ್ತಿಗೆ ಕೋಣೆಯೆಲ್ಲ ಪರಿಮಳ.

ಹಿತ್ತಲಗಿಡ

ಗಿಡ ಗಿಡ್ಡ, ಒತ್ತಾಗಿ ಇದ್ದರೆ ನೀವು ಹೇಳಿದ ಆರು ಇಂಚು ಸರಿ. ಬಳ್ಳಿ ಥರ ಹೋಗಿದೆ ಅಂದದ್ದಕ್ಕೆ ಜಾಸ್ತಿ ಹೇಳಿದೆ. ನಿಮ್ಮಲ್ಲಿ ಗಾಳಿಯ ತೇವಕ್ಕೆ ಚಿಗುರು ಬೇಗ, ಮೈಸೂರಿನ ಒಣ ಬಿಸಿಲಿಗೆ ತಡ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಣ್ಣುಕೈ

2ನೇ ಪ್ರಶ್ನೆಗೆ. ಅದು ಹಿಟ್ಟು ತಿಗಣೆ. ಮೊದಲು ಇರುವೆ ನೋಡಿ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತೆ, ಅದರ ಶತ್ರುಗಳನ್ನು ಓಡಿಸುತ್ತೆ. ಇರುವೆ ತಡೆಯದೆ ಎಷ್ಟು ಸಿಂಪಡಿಸಿದರೂ ಅಷ್ಟೇ. ಕುಂಡವನ್ನು ಇಟ್ಟಿಗೆ ಮೇಲಿಟ್ಟು, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಡಿ. ಕೊಂಬೆ ಗೋಡೆಗೆ, ಗ್ರಿಲ್ಲಿಗೆ ತಾಗಬಾರದು, ಅದೂ ಇರುವೆಗೆ ಸೇತುವೆಯೇ. ತಟ್ಟೆಯ ನೀರು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ.

ಎಲೆ ಸುಟ್ಟದ್ದು ಯಾಕೆ? ಎಣ್ಣೆಯನ್ನು ನೇರ ನೀರಿಗೆ ಸುರಿದಿರುತ್ತೀರಿ. ಅದು ಮೇಲೆ ತೇಲಿ, ಕೊನೆಗೆ ಬರೀ ಎಣ್ಣೆಯೇ ಎಲೆಗೆ ಬೀಳುತ್ತೆ. ಜೊತೆಗೆ ಬಿಸಿಲಲ್ಲಿ ಹೊಡೆದಿದ್ದರೆ ಮುಗಿದೇ ಹೋಯಿತು. ಸರಿಯಾದ ಕ್ರಮ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ 5 ಗ್ರಾಂ ತುರಿದ ಬಾರ್ ಸೋಪು ಕರಗಿಸಿ. ಅದಕ್ಕೆ 5 ಮಿ.ಲೀ. ಬೇವಿನೆಣ್ಣೆ ಹನಿಹನಿಯಾಗಿ ಹಾಕುತ್ತಾ, ಬಾಟಲಿಯಲ್ಲಿ ಮಜ್ಜಿಗೆ ಥರ ಬೆಳ್ಳಗಾಗುವವರೆಗೆ ಕುಲುಕಿ. ಆಮೇಲೆ ಒಂದು ಲೀಟರಿಗೆ ತುಂಬಿಸಿ. ಗಡಸು ನೀರಲ್ಲಿ ಸೋಪು ಮೊಸರಿನ ಹಾಗೆ ಒಡೆಯುತ್ತೆ, ಇದಕ್ಕೆ ಕುಡಿಯುವ ನೀರೇ ಬಳಸಿ. ಬಟ್ಟೆ ತೊಳೆಯುವ ಪೌಡರ್ ಬೇಡ.

ಸಿಂಪಡಿಸುವ ಮುಂಚೆ ತೀರಾ ಮುತ್ತಿದ ತುದಿಗಳನ್ನು ಕತ್ತರಿಸಿ ಕವರಿಗೆ ಕಟ್ಟಿ, ಉಳಿದದ್ದಕ್ಕೆ ಪೈಪಿನಿಂದ ಜೋರು ನೀರು ಹೊಡೆದು ಹಿಟ್ಟು ಬೀಳಿಸಿ. ಮೇಣದ ಹೊದಿಕೆ ಇದ್ದರೆ ಔಷಧಿ ಮೈಗೆ ತಾಗಲ್ಲ. ಎಲೆಯಡಿ, ತೊಟ್ಟಿನ ಸಂದು ಬಿಡದೆ, ಸೂರ್ಯ ಇಳಿದ ಮೇಲೆ. ಮೊಟ್ಟೆಗೆ ಇದು ತಾಗಲ್ಲ, ಹಾಗಾಗಿ ವಾರಕ್ಕೊಮ್ಮೆ ಮೂರು ವಾರ.

ಕರಿಬೇವು: ಆ ಹಕ್ಕಿ ಹಿಕ್ಕೆಯನ್ನೇ ಮೆಲ್ಲಗೆ ಕಡ್ಡಿಯಲ್ಲಿ ಮುಟ್ಟಿ ನೋಡಿ. ತಲೆ ಹಿಂದಿನಿಂದ ಕೆಂಪು-ಕಿತ್ತಳೆ ಬಣ್ಣದ ಕವಲು ಕೊಂಬು ಹೊರಬಂದು ಘಾಟು ವಾಸನೆ ಬಂದರೆ ಅದು ನಿಂಬೆ ಚಿಟ್ಟೆಯ ಜಾತಿಯ ಹುಳ. ದೊಡ್ಡದಾದ ಮೇಲೆ ಎಲೆಯದೇ ಹಸಿರು ಬಣ್ಣ. ಎರಡಡಿ ಗಿಡವಾದರೆ ಹೆಕ್ಕಿ ತೆಗೆಯಿರಿ. ಐದಡಿ ಗಿಡ ನಾಲ್ಕು ಹುಳವನ್ನು ಸಾಕುತ್ತೆ, ಬಿಡಿ. ಹೂಗೊಂಚಲು ಬಂದಿದ್ದರೆ ಚಿವುಟಿ, ಮೇಲಿನ ತುದಿ ಒಂದಡಿ ಕತ್ತರಿಸಿ, ಪಕ್ಕದಿಂದ ಕವಲೊಡೆಯುತ್ತೆ. ಇನ್ನು ಕರಿಬೇವಿಗೆ ಹಲವರು ಹಾಕುವ ಹುಳಿ ಮಜ್ಜಿಗೆ: ನೀರು ಮಾಡಿ ಹಾಕಿದರೆ ತೊಂದರೆ ಇಲ್ಲ, ಆದರೆ ಅದನ್ನೇ ಗೊಬ್ಬರ ಅಂದುಕೊಳ್ಳಬೇಡಿ. ಮೇಲೆ ಹೇಳಿದ ಕಡಲೆಕಾಯಿ ಹಿಂಡಿಯ ಮುಂದೆ ಅದು ಏನೇನೂ ಅಲ್ಲ.

ಎರೆಭೂಮಿ

ಬೆಂಡಿ, ಹೀರಿ ಈಗ ಹಾಕ್ರಿ, ತಡ ಮಾಡಬ್ಯಾಡ್ರಿ. ಬೆಂಡಿಗೆ 12 ಇಂಚಿನ ಚೀಲಕ್ಕ ಒಂದ ಗಿಡ, ಹೀರಿಗೆ 15 ಇಂಚಿಗಿಂತ ಸಣ್ಣದು ಬ್ಯಾಡ. ಕೆಂಪು ಮಣ್ಣು, ಕಾಂಪೋಸ್ಟ್, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ. ಬೀಜ ರಾತ್ರಿ ನೆನಸ್ರಿ, ಬೆರಳಿನ ಒಂದ ಗೆಣ್ಣಿಗಿಂತ ಕಡಿಮಿ ಆಳ, ಒಂದ ಕಡೆ ಎರಡು ಬೀಜ, ಹುಟ್ಟಿದ ಮ್ಯಾಲ ಗಟ್ಟಿ ಇದ್ದದ್ದ ಇಟ್ಟು ಇನ್ನೊಂದನ್ನ ಕತ್ತರಿಯಿಂದ ಕತ್ತರಸ್ರಿ. ಕಿತ್ತರ ಉಳಿದದ್ದರ ಬೇರೂ ಅಲುಗತೈತಿ. ಬೆಂಡಿ ಸಸಿ ಕಿತ್ತು ನೆಡೂದು ಬ್ಯಾಡ, ತಾಯಿಬೇರು ಹರಿದ್ರ ಗಿಡ ಕುಂತ ಬಿಡತೈತಿ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ಅನಾಮಿಕಾ ಬೀಜ ಸಿಕ್ಕರ ಛಲೋ, ಹಳದಿ ನಂಜು (ಎಲಿ ಹಳದಿ ಮಾಡೂ ವೈರಸ್ ರೋಗ) ತಡಕೋತೈತಿ. 45–50 ದಿನಕ್ಕ ಕಾಯಿ. ಎರಡ ದಿನಕ್ಕೊಮ್ಮೆ ಕೊಯ್ಯದಿದ್ರ ನಾರಾಗಿ ಗಿಡಾನೂ ಹೂ ಬಿಡೂದು ನಿಲ್ಲಸತೈತಿ.

ಕಪ್ಪು ಚೀಲ ಮಧ್ಯಾಹ್ನ ಮುಟ್ಟಿ ನೋಡ್ರಿ, ಕೈ ಸುಡತೈತಿ. ಒಳಗ ಬೇರು ಕುದೀತಿರ್ತಾವ, ಅದಕ್ಕ ನೀರ ಇದ್ರೂ ಎಲಿ ಬಾಡೂದು. ಚೀಲದ ಸುತ್ತ ಬಿಳಿ ಬಟ್ಟಿ ಇಲ್ಲಾ ಹಳೇ ಗೋಣಿ ಸುತ್ರಿ, ಮಣ್ಣಿನ ಮ್ಯಾಲ ಎರಡ ಇಂಚು ಒಣ ಎಲಿ ಹಾಸ್ರಿ, ಕಾಂಡಕ್ಕ ಮಾತ್ರ ತಾಗಬಾರದು. ನೀರು ಮುಂಜಾನೆ ಎಂಟರ ಒಳಗ. ಬಾಡಿದ ಎಲಿ ನೋಡಿ ಮಧ್ಯಾಹ್ನ ಓಡಿ ಹೋಗಿ ನೀರ ಹಾಕಬ್ಯಾಡ್ರಿ, ಸಂಜಿಗೆ ತಾನ ಏಳತೈತಿ. ಏಳಲಿಲ್ಲಂದ್ರ ಆಗ ಹಾಕ್ರಿ.

ಬಾಲ್ಕನಿಬಳ್ಳಿ

ಕುಂಡದ ಬಿಳಿ ಪೊರೆ ಉಪ್ಪು. ದಿನಾ ಚೂರುಚೂರು ನೀರು ಹಾಕಿದರೆ ಅದು ಒಳಗೇ ಸೇರುತ್ತಾ ಹೋಗಿ ಎಲೆಯ ತುದಿ ಸುಡುತ್ತೆ. ಹದಿನೈದು ದಿನಕ್ಕೊಮ್ಮೆ ಎಂದಿನ ಎರಡರಷ್ಟು ನೀರು ನಿಧಾನಕ್ಕೆ ಹಾಕಿ ತಳದಿಂದ ಹರಿದುಹೋಗಲು ಬಿಡಿ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ಮೂಲ ನೀರೇ ಗಡಸಾದರೆ ಅದರಲ್ಲಿ ಉಪ್ಪು ಇನ್ನೂ ಹೆಚ್ಚು, ನೆಲ ಒರೆಸಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಅದನ್ನು ಹಿಡಿದಿಡಿ. ಅಕ್ಕಿ, ಸೊಪ್ಪು ತೊಳೆದ ನೀರೂ ಆಗುತ್ತೆ. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಾಗಿನಿಂದ ಅಡುಗೆಮನೆಯ ಸಿಂಕಿನ ಪಕ್ಕ ಒಂದು ಬಕೆಟ್ ಇಡೋದು ಹಲವರಿಗೆ ರೂಢಿಯಾಗಿದೆ.

ತಾರಸಿಮನೆ

ಮಲ್ಲಿಗೆ ಸವರಿ ಆಯಿತು, ಮೂರು ಕಡ್ಡಿ ಹಬ್ಬಕ್ಕೆ ಬಿಟ್ಟಿದ್ದೇನೆ. ದಾಸವಾಳ ತೊಳೆಯುವ ಮುಂಚೆ ನೋಡಿದರೆ, ಕೆಲವು ಬಿಳಿ ಹುಳ ಉಳಿದವಕ್ಕಿಂತ ದೊಡ್ಡವು, ಮೈಮೇಲೆ ಉದ್ದ ಮೇಣದ ಎಳೆ, ಸರಸರ ಓಡಾಡುತ್ತವೆ. ಇವು ದೊಡ್ಡ ತಿಗಣೆಯಾ? ಹೀರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸೋದು ಯಾವಾಗ ಅಂತಲೂ ಹೇಳಿ.

ಮಣ್ಣುಕೈ

ನಿಲ್ಲಿಸಿ, ಆ ಕೊಂಬೆಗೆ ಸಿಂಪಡಿಸಬೇಡಿ. ಓಡಾಡುವುದು ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ. ತಿಗಣೆಯ ವೇಷದಲ್ಲೇ ಇದ್ದು ತಿಗಣೆಯನ್ನು ತಿನ್ನುತ್ತೆ. ತಿಗಣೆ ಕೂತಲ್ಲೇ ಕೂತಿರುತ್ತೆ, ಮುಟ್ಟಿದರೂ ನಿಧಾನ, ಇದು ಓಡುತ್ತೆ. ಬೆಳೆದ ಮೇಲೆ ಕಪ್ಪು ರೆಕ್ಕೆ, ಕಿತ್ತಳೆ ತಲೆ. 1898ರಲ್ಲೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಹುಳ ಇದು. 2008ರಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣ ಭಾರತಕ್ಕೆ ನುಗ್ಗಿ ದಾಸವಾಳವನ್ನೂ ಮುತ್ತಿದಾಗಲೂ ಅದನ್ನು ಹತೋಟಿಗೆ ತಂದದ್ದು ಔಷಧಿಯಲ್ಲ, 2010ರಲ್ಲಿ ತರಿಸಿ ಬಿಟ್ಟ ಒಂದು ಪುಟ್ಟ ಕಣಜ. ಇರುವೆಯನ್ನು ಮಾತ್ರ ತಡೆಯಿರಿ, ಎರಡು ವಾರ ಕಾಯಿರಿ.

ಎರೆಭೂಮಿ

ಹೀರಿ ಹೂ ಸಂಜಿಗೆ ಅರಳತೈತ್ರಿ, ಐದೂವರಿ ಆರರ ಮ್ಯಾಲ. ಮುಂಜಾನೆ ಹೋದ್ರ ಬಾಡಿರತೈತಿ. ತುಪ್ಪದ ಹೀರಿ ಮಾತ್ರ ಮುಂಜಾನೆ. ಮೊದಲ ಹತ್ತು ದಿನ ಬರೇ ಗಂಡು ಹೂ ಬಂದ್ರ ಗಾಬರಿ ಆಗಬ್ಯಾಡ್ರಿ. ಹೆಣ್ಣು ಹೂವಿನ ಕೆಳಗ ಕಿರುಬೆರಳಿನಷ್ಟು ಏಣು ಏಣಿನ ಕಾಯಿ ಇರತೈತಿ, ಅದ ಗುರುತು. ಗಂಡು ಹೂ ಒಂದ ಕಿತ್ತು, ಪಕಳಿ ಹಿಂದಕ್ಕ ಮಡಚಿ, ನಡುವಿನ ಹಳದಿ ಪುಡಿ ಹೆಣ್ಣು ಹೂವಿನ ನಡುವಿಗೆ ಹಗೂರ ಸವರ್ರಿ. ಮೂರ ದಿನಕ್ಕ ಕಾಯಿ ಹಸಿರಾಗಿ ಕೆಳಗ ಬಾಗಿದ್ರ ಕೂಡೇತಿ. ಹಳದಿ ಆದ್ರ ಇಲ್ಲ, ಮರುದಿನ ಮತ್ತೊಂದಕ್ಕ ಮಾಡ್ರಿ. ಕೂಡಿದ ಕಾಯಿಗೆ ಹಣ್ಣಿನ ನೊಣ ಚುಚ್ಚೂಕಿಂತ ಮೊದಲ ಪೇಪರ್ ಚೀಲ ಕಟ್ರಿ, ಕೆಳಗಿನ ಬಾಯಿ ತುಸು ತೆರೆದಿರಲಿ.