ಗಿನಿಪಿಗ್‌ಗೆ ಔಷಧಿ ಕುಡಿಸಿದರೆ ಮೂಗಿನಿಂದ ಬರುತ್ತಿದೆ, ಏನು ಮಾಡಲಿ?

ಅಚ್ಚು_ಉಂಡೆ (ಮಂಡ್ಯ), ಶನಿವಾರ ಸಂಜೆ 5:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಗಿನಿಪಿಗ್ ಇವೆ. ಅಚ್ಚುಬೆಲ್ಲದ ಬಣ್ಣದವನು ಅಚ್ಚು, ಇನ್ನೊಬ್ಬ ಉಂಡೆ. ಅಚ್ಚುಗೆ ಎರಡು ವರ್ಷ. ಒಂದು ವಾರದಿಂದ ಸೀನುತ್ತಿದ್ದ. ಮೂಗಿನ ಸುತ್ತ ಸಿಂಬಳ ಒಣಗಿ ಅಂಟಿಕೊಂಡಿತ್ತು, ಒಂದು ಕಣ್ಣಿನಲ್ಲಿ ಗೀಜು. ಇಲ್ಲಿ ದನ, ನಾಯಿ ನೋಡುವವರು ಸಿಗುತ್ತಾರೆ, ಗಿನಿಪಿಗ್ ಅಂದರೆ ನಗುತ್ತಾರೆ. ನಿನ್ನೆ ಬುಟ್ಟಿಯಲ್ಲಿ ಕೂರಿಸಿಕೊಂಡು ರೈಲಿನಲ್ಲಿ ಮೈಸೂರಿಗೆ ಹೋಗಿ ತೋರಿಸಿದೆ. ಎನ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ದ್ರವ ಕೊಟ್ಟಿದ್ದಾರೆ. 0.3 ಎಂಎಲ್, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಹತ್ತು ದಿನ.

ಚಿಕ್ಕ ಸಿರಿಂಜ್ ಬೇಕು ಅಂದಾಗ ಮೆಡಿಕಲ್ ಶಾಪ್‌ನವರು ಇನ್ಸುಲಿನ್ ಸಿರಿಂಜ್ ಕೊಟ್ಟರು. ಸೂಜಿಯನ್ನು ಇಕ್ಕಳದಲ್ಲಿ ಕಿತ್ತೆ. ಕ್ಲಿನಿಕ್‌ನಲ್ಲಿ ಹೇಳಿದ ಹಾಗೆ 30ರ ಗೆರೆವರೆಗೂ ಔಷಧಿ ಎಳೆದು, ಮಗುವನ್ನು ಮಲಗಿಸಿಕೊಳ್ಳುವ ಹಾಗೆ ಅಂಗಾತ ಮಲಗಿಸಿಕೊಂಡು ಬಾಯಿಗೆ ಬಿಡುತ್ತೇನೆ. ಅರ್ಧ ಎದೆ ಮೇಲೆ, ಅರ್ಧ ನನ್ನ ಸೀರೆ ಮೇಲೆ. ಇವತ್ತು ಬೆಳಿಗ್ಗೆ ಮೂಗಿನಿಂದ ಎರಡು ಗುಳ್ಳೆ ಬಂದವು! ಆಮೇಲಿಂದ ಮೂಲೆ ಸೇರಿ ರೋಮ ಉಬ್ಬಿಸಿಕೊಂಡು ಕೂತಿದ್ದಾನೆ. ಹುಲ್ಲು ಎರಡು ಎಳೆ ತಿಂದಿರಬಹುದು ಅಷ್ಟೇ.

ಅಜ್ಜಿ ಹಾಲು ಸಕ್ಕರೆಯಲ್ಲಿ ಕಲೆಸಿಕೊಡು ಅನ್ನುತ್ತಾರೆ. ಯಜಮಾನರು ನೀರಿನ ಬಾಟಲಿಗೆ ಹಾಕಿಬಿಡು ಅನ್ನುತ್ತಾರೆ. ರಾತ್ರಿ 8ಕ್ಕೆ ಮುಂದಿನ ಡೋಸ್. ನನಗೆ ಕೈ ನಡುಗುತ್ತಿದೆ.

ಗರಿಕೆಹುಲ್ಲು (ಮೈಸೂರು), ಸಂಜೆ 6:02

ಅಕ್ಕ, ಮೊದಲು ಅಂಗಾತ ಮಲಗಿಸುವುದನ್ನು ನಿಲ್ಲಿಸಿ. ಗುಳ್ಳೆ ಬಂತು ಅಂದರೆ ಔಷಧಿ ಉಸಿರಿನ ದಾರಿ ಕಡೆ ಹೋಗಿದೆ ಅಂತ. ಇವು ಮೂಗಿನಿಂದಲೇ ಉಸಿರಾಡುವ ಪ್ರಾಣಿಗಳು, ಈಗಾಗಲೇ ಮೂಗು ಕಟ್ಟಿದೆ. ಮೇಲಿಂದ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕೆ ಎಳೆದು ಎಳೆದು ಉಸಿರಾಡುತ್ತಿದ್ದಾನಾ? ಬಾಯಿ ತೆರೆದು ಉಸಿರಾಡುತ್ತಿದ್ದಾನಾ? ಕಿವಿ ಹತ್ತಿರ ಇಟ್ಟುಕೊಂಡರೆ ಟಿಕ್ ಟಿಕ್ ಅಂತ ಸದ್ದು ಇದೆಯಾ? ಇದರಲ್ಲಿ ಒಂದು ಇದ್ದರೂ ಈ ಚರ್ಚೆ ಬಿಟ್ಟು ಈಗಲೇ ಡಾಕ್ಟರ್ ಹತ್ತಿರ ಹೊರಡಿ.

ಹಾಲು ಬೇಡ. ಹಾಲಿನ ಕ್ಯಾಲ್ಸಿಯಂ ಈ ಔಷಧಿಯನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಸರಿಯಾಗಿ ಹತ್ತುವುದಿಲ್ಲ. ದೊಡ್ಡ ಗಿನಿಪಿಗ್‌ಗೆ ಹಾಲೂ ಒಗ್ಗುವುದಿಲ್ಲ. ನೀರಿನ ಬಾಟಲಿಯೂ ಬೇಡ. ಈ ಔಷಧಿ ವಿಪರೀತ ಕಹಿ. ಕಹಿ ಅಂತ ನೀರು ಕುಡಿಯುವುದನ್ನೇ ಬಿಟ್ಟರೆ ಇನ್ನೊಂದು ತಲೆನೋವು. ಎಷ್ಟು ಒಳಗೆ ಹೋಯಿತು ಅನ್ನುವ ಲೆಕ್ಕವೂ ಸಿಗುವುದಿಲ್ಲ.

ಮೊಲದ_ಮನೆ, ಸಂಜೆ 6:20

ನಮ್ಮ ಮಗಳ ಕೆಮ್ಮಿಗೆ ಕೊಟ್ಟ ಅಮಾಕ್ಸಿಸಿಲಿನ್ ಸಿರಪ್ ಸಿಹಿಯಾಗಿದೆ, ಪ್ರಾಣಿಗಳು ಚಪ್ಪರಿಸುತ್ತವೆ. ಈ ಕಹಿ ಬಿಟ್ಟು ಅದನ್ನೇ ಎರಡು ಹನಿ ಹಾಕಿ ನೋಡಬಹುದಲ್ವಾ?

ಗರಿಕೆಹುಲ್ಲು, ಸಂಜೆ 6:24

ಬೇಡವೇ ಬೇಡ. ಯಾರೂ ಈ ಕೆಲಸ ಮಾಡಬೇಡಿ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಇವೆಲ್ಲ ಬಾಯಿಗೆ ಹಾಕಿದರೆ ಗಿನಿಪಿಗ್‌ಗೆ ವಿಷ ಇದ್ದ ಹಾಗೆ. ಹುಲ್ಲು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಕರುಳಿನಲ್ಲಿ ಸಾಯುತ್ತವೆ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಇದನ್ನು ನಾನು ಓದಿ ಹೇಳುತ್ತಿಲ್ಲ. ನನ್ನ ಮೊದಲ ಗಿನಿಪಿಗ್‌ಗೆ ನಾಯಿ ನೋಡುವ ಒಬ್ಬರು ಇದೇ ಸಿರಪ್ ಬರೆದುಕೊಟ್ಟಿದ್ದರು. ನಾನೇ ನನ್ನ ಕೈಯಾರೆ ಕುಡಿಸಿದೆ, ಅದು ಚಪ್ಪರಿಸಿಕೊಂಡು ಕುಡಿಯಿತು. ಮೂರನೇ ದಿನ ಭೇದಿ, ನಾಲ್ಕನೇ ದಿನ ಇಲ್ಲ.

ಅಕ್ಕ, ನಿಮ್ಮ ಡಾಕ್ಟರ್ ಕೊಟ್ಟಿರುವುದು ಗಿನಿಪಿಗ್‌ಗೆ ಸಾಮಾನ್ಯವಾಗಿ ಕೊಡುವ ಔಷಧಿಯೇ. ಅದನ್ನು ಬದಲಾಯಿಸಬೇಡಿ.

ಪಾರಿವಾಳ_ಪ್ರಿಯ (ಮಂಡ್ಯ), ಸಂಜೆ 6:41

ನಾನು ಇಲ್ಲಿರುವುದು ಪಾರಿವಾಳಕ್ಕೆ. ಗಿನಿಪಿಗ್ ಬಗ್ಗೆ ಏನೂ ಗೊತ್ತಿಲ್ಲ, ಆದರೆ ಸಕ್ಕರೆ ಕಾಯಿಲೆ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ಒಂದು ಪ್ರಶ್ನೆ ಕೇಳುತ್ತೇನೆ ತಾಯಿ. ನಿಮ್ಮ ಸಿರಿಂಜ್‌ನ ಮುಚ್ಚಳ ಕೆಂಪೋ, ಕಿತ್ತಳೆಯೋ? ಮೈಮೇಲೆ 40 ಅಂತ ಇದೆಯಾ, 100 ಅಂತಲಾ?

ಅಚ್ಚು_ಉಂಡೆ, ಸಂಜೆ 6:48

ಉಸಿರಾಟದಲ್ಲಿ ಸದ್ದು ಇಲ್ಲ, ಬಾಯಿ ಮುಚ್ಚಿಯೇ ಇದೆ. ಮುಚ್ಚಳ ಕೆಂಪು. 40 ಅಂತ ಇದೆ ಅಣ್ಣ. ಯಾಕೆ?

ಪಾರಿವಾಳ_ಪ್ರಿಯ, ಸಂಜೆ 6:55

ಅದೇ ಅನ್ನಿಸಿತು. ಆ ಗೆರೆಗಳು ಎಂಎಲ್ ಅಲ್ಲ, ಇನ್ಸುಲಿನ್ ಯೂನಿಟ್. ಕಿತ್ತಳೆ ಮುಚ್ಚಳದ್ದರಲ್ಲಿ 100 ಯೂನಿಟ್ ಸೇರಿದರೆ 1 ಎಂಎಲ್, ಕೆಂಪಿನದರಲ್ಲಿ 40 ಯೂನಿಟ್‌ಗೇ 1 ಎಂಎಲ್. ಕ್ಲಿನಿಕ್‌ನವರು ಕಿತ್ತಳೆಯದನ್ನು ತಲೆಯಲ್ಲಿಟ್ಟುಕೊಂಡು 30 ಅಂದಿದ್ದಾರೆ, ಅದರಲ್ಲಿ 30 ಅಂದರೆ ಸರಿಯಾಗಿ 0.3. ನಿಮ್ಮ ಕೆಂಪಿನದರಲ್ಲಿ 30ರ ಗೆರೆ ಅಂದರೆ 0.75 ಎಂಎಲ್. ಎರಡೂವರೆ ಪಟ್ಟು ಎಳೆದಿದ್ದೀರಿ. ಅದರಲ್ಲಿ 0.3 ಬೇಕಿದ್ದರೆ 12 ಯೂನಿಟ್‌ನ ಗೆರೆಗೆ ನಿಲ್ಲಿಸಬೇಕು. ಮನುಷ್ಯರೂ ಇದರಲ್ಲಿ ಎಡವುತ್ತಾರೆ, ನಮ್ಮ ಭಾವ ಒಂದು ಸಲ ತಲೆಸುತ್ತಿ ಬಿದ್ದಿದ್ದು ಇದಕ್ಕೇ.

ಗರಿಕೆಹುಲ್ಲು, ಸಂಜೆ 7:01

ಅಯ್ಯೋ, ನಾನು ಆ ಸಾಲನ್ನು ಓದಿ ಮುಂದೆ ಹೋಗಿಬಿಟ್ಟಿದ್ದೆ. ಅಣ್ಣ, ದೊಡ್ಡ ಉಪಕಾರ. ಅಷ್ಟು ಚಿಕ್ಕ ಬಾಯಿಗೆ ಮುಕ್ಕಾಲು ಎಂಎಲ್ ಒಂದೇ ಸಲಕ್ಕೆ ಹೋದರೆ ಮೂಗಿನಿಂದ ಬರದೆ ಇನ್ನೇನು.

ಅಕ್ಕ, ರಾತ್ರಿ ಡೋಸ್ ಕೊಡುವ ಮುಂಚೆ ಡಾಕ್ಟರ್‌ಗೆ ಫೋನ್ ಮಾಡಿ. ಎರಡು ಸಲ ಜಾಸ್ತಿ ಎಳೆದದ್ದು, ಗುಳ್ಳೆ ಬಂದದ್ದು, ಬೆಳಿಗ್ಗೆಯಿಂದ ತಿನ್ನದಿರುವುದು, ಮೂರನ್ನೂ ಹೇಳಿ. ನಾಚಿಕೆ ಪಟ್ಟುಕೊಂಡು ಒಂದನ್ನು ನುಂಗಬೇಡಿ. ತಿನ್ನದಿರುವುದೇ ಮುಖ್ಯ. ಗಿನಿಪಿಗ್‌ನ ಹೊಟ್ಟೆ ಅರ್ಧ ದಿನ ಖಾಲಿ ಇದ್ದರೆ ಕರುಳು ನಿಧಾನವಾಗುತ್ತದೆ, ನಿಂತೇ ಹೋಗಬಹುದು. ಆ ಸಿರಿಂಜ್ ಇನ್ನು ಮುಟ್ಟಬೇಡಿ. ಇಕ್ಕಳದಲ್ಲಿ ಕಿತ್ತರೆ ಸೂಜಿಯ ತುಂಡು ಒಳಗೆ ಉಳಿದಿರಬಹುದು, ಬಾಯಿ ಕೊಯ್ಯುತ್ತದೆ.

ಅಚ್ಚು_ಉಂಡೆ, ರಾತ್ರಿ 7:50

ಫೋನ್ ಸಿಕ್ಕಿತು. ಇವತ್ತು ರಾತ್ರಿ ಔಷಧಿ ಬಿಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ, ಎದೆ ನೋಡೋಣ ಅಂದರು. ಉಸಿರು ಸರಿಯಿದ್ದರೆ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ಅಂತಲೂ ಹೇಳಿದರು. ಮನೆಯಲ್ಲಿ ಪಾಪುವಿಗೆ ಮಾಡುವ ರಾಗಿ ಸರಿ ಇದೆ, ಅದನ್ನು ಕೊಡಲಾ?

ಗರಿಕೆಹುಲ್ಲು, ರಾತ್ರಿ 7:58

ರಾಗಿ ಸರಿ ಬೇಡ, ಅದರಲ್ಲಿ ಪಿಷ್ಟವೇ ಜಾಸ್ತಿ. ಅವನಿಗೆ ಬೇಕಿರುವುದು ನಾರು. ದಿನಾ ಹಾಕುವ ಹುಲ್ಲಿನ ಪೆಲೆಟ್ ಇದೆಯಲ್ಲ, ಅದನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಿವುಚಿ. ಮೊದಲು ಬೆರಳ ತುದಿಯಲ್ಲಿ ತುಟಿಗೆ ಸವರಿ, ಎಷ್ಟೋ ಸಲ ತಾನೇ ನೆಕ್ಕುತ್ತಾನೆ. ಗರಿಕೆಯನ್ನೂ ಮುಂದಿಡಿ. ಗಣಪತಿಗೆ ಅಂತ ಹೂವಿನವರು ಮಾರುತ್ತಾರಲ್ಲ, ಅದೇ, ಚೆನ್ನಾಗಿ ತೊಳೆದು.

ನಾಳೆ ಸೂಜಿ ಇಲ್ಲದ 1 ಎಂಎಲ್ ಸಿರಿಂಜ್ ಕೇಳಿ ತನ್ನಿ, 0.1, 0.2 ಅಂತ ಬರೆದಿರುವುದು. ಒಂದು ತೆಳು ಟವೆಲ್‌ನಲ್ಲಿ ಮುಂಗಾಲು ಸೇರಿಸಿ ಸುತ್ತಿ, ತಲೆ ಮಾತ್ರ ಹೊರಗೆ. ಎದೆ ಬಿಗಿಯಬಾರದು, ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ನಾಲ್ಕು ಕಾಲೂ ಕೆಳಗಿರುವ ಹಾಗೆ ತೊಡೆ ಮೇಲೆ ಕೂರಿಸಿ, ಬೆನ್ನು ನಿಮ್ಮ ಹೊಟ್ಟೆ ಕಡೆ ಇರಲಿ, ಹಿಂದೆ ಸರಿಯಲು ಜಾಗ ಇರುವುದಿಲ್ಲ. ಈಗ ತುಟಿಯ ಪಕ್ಕವನ್ನು ನೋಡಿ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಒಂದು ಸಂದು ಇದೆ. ಸಿರಿಂಜ್ ತುದಿ ಅಲ್ಲಿ ಹೋಗಬೇಕು, ಗಂಟಲ ಕಡೆ ಅಲ್ಲ, ಎದುರಿನ ಕೆನ್ನೆ ಕಡೆ ಮುಖ ಮಾಡಿ. ಒಂದು ಹನಿ ಬಿಡಿ. ದವಡೆ ಆಡುತ್ತದೆ, ಜಗಿಯುತ್ತಾನೆ, ನುಂಗುತ್ತಾನೆ. ಆಮೇಲೆ ಇನ್ನೊಂದು ಹನಿ. ದವಡೆ ನಿಂತಿದ್ದರೆ ನೀವೂ ನಿಲ್ಲಿ. 0.3ಕ್ಕೆ ನಾನು ನಾಲ್ಕೈದು ಸಲ ಮಾಡುತ್ತೇನೆ, ಎರಡು ನಿಮಿಷ ಹಿಡಿಯುತ್ತದೆ.

ಸ್ವಲ್ಪ ಉಗುಳಿದರೆ ಅಂದಾಜಿನ ಮೇಲೆ ಮತ್ತೆ ಕೊಡಬೇಡಿ. ಮೂಗಿನಿಂದ ಮತ್ತೆ ಬಂದರೆ ತಕ್ಷಣ ನಿಲ್ಲಿಸಿ, ಮುಖ ಸ್ವಲ್ಪ ಕೆಳಗೆ ಬಾಗಿಸಿ ಒರೆಸಿ, ಡಾಕ್ಟರ್‌ಗೆ ಹೇಳಿ. ಕಹಿ ಹೋಗಲು ಆಮೇಲೆ ಒಂದು ಚೂರು ದಪ್ಪ ಮೆಣಸಿನಕಾಯಿ ಅಥವಾ ಸೀಬೆಹಣ್ಣು. ನಮ್ಮ ಹಾಗೆ ಇವಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ, ಕಾಯಿಲೆಯಲ್ಲಿ ಜಾಸ್ತಿಯೇ ಬೇಕು.

ಅಚ್ಚು_ಉಂಡೆ, ಮಂಗಳವಾರ ರಾತ್ರಿ 9:15

ಭಾನುವಾರ ಡಾಕ್ಟರ್ ಎದೆ ಕೇಳಿ ನೋಡಿ, ಶ್ವಾಸಕೋಶ ಸದ್ಯಕ್ಕೆ ಚೆನ್ನಾಗಿದೆ ಅಂದರು. 0.3ನ್ನೇ ಮುಂದುವರಿಸಿ ಅಂತ ಸಿರಿಂಜ್ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಟ್ಟರು.

ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗುತ್ತಿದ್ದೇನೆ. ಭಾನುವಾರ 812 ಗ್ರಾಂ, ಸೋಮವಾರ 809, ಇವತ್ತು 826. ಪಕ್ಕದ ಸಂದು ಹುಡುಕಲು ಮೊದಲ ದಿನ ಹತ್ತು ನಿಮಿಷ ಬೇಕಾಯಿತು. ಈಗ ಟವೆಲ್ ನೋಡಿದ ಕೂಡಲೇ ಗೊಣಗುತ್ತಾನೆ, ಆದರೆ ನುಂಗುತ್ತಾನೆ. ಸೀರೆ ಮೇಲೆ ಒಂದು ಹನಿಯೂ ಇಲ್ಲ. ಸಂಜೆ ಅಜ್ಜಿ ಕೊತ್ತಂಬರಿ ಕವರ್ ಬಿಚ್ಚಿದ ಸದ್ದಿಗೆ ಇಬ್ಬರೂ ಒಟ್ಟಿಗೆ ಕೀಕ್ ಅಂದರು. ವಾರದ ಮೇಲೆ ಕೇಳಿದ್ದು ಅದು.

ಪಾರಿವಾಳದ ಅಣ್ಣ, ಆ ಕೆಂಪು ಮುಚ್ಚಳದ್ದು ಇನ್ನೂ ಮೂರು ಉಳಿದಿವೆ. ನಿಮಗೆ ಬೇಕಾ?

ಪಾರಿವಾಳ_ಪ್ರಿಯ, ಮಂಗಳವಾರ ರಾತ್ರಿ 9:40

ಪ್ಯಾಕ್ ಒಡೆದಿಲ್ಲದಿದ್ದರೆ ತೆಗೆದುಕೊಳ್ಳುತ್ತೇನೆ ತಾಯಿ. ಸೂಜಿ ಕಿತ್ತದ್ದನ್ನು ಮಾತ್ರ ಸುಮ್ನೆ ಕಸದ ಬುಟ್ಟಿಗೆ ಹಾಕಬೇಡಿ. ಕಿತ್ತ ಸೂಜಿಯನ್ನೂ ಸೇರಿಸಿ ಒಂದು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಮುಂದಿನ ಸಲ ಹೋದಾಗ ಕ್ಲಿನಿಕ್‌ಗೇ ಕೊಟ್ಟುಬಿಡಿ.