ಮೇಲಿನ ಬರೆಯ (ಕಡಿದಾದ ಮಣ್ಣಿನ ಇಳಿಜಾರು) ಸಿಲ್ವರ್ ಓಕ್ ಮರಗಳು: ನಮ್ಮ ಬಡಾವಣೆ ಗುಂಪು

ಮೂಲೆಮನೆ ಅಕ್ಕ, ಬೆಳಿಗ್ಗೆ 5:40
ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಒಂದೂಕಾಲಿಗೆ ಎರಡನೇ ಸಿಲ್ವರೂ ಬಿತ್ತು. ಈ ಸಲ ಲೈನನ್ನೂ ನಮ್ಮ ಗೇಟನ್ನೂ ಎಳ್ಕೊಂಡೇ ಬಿದ್ದಿದೆ. ತಂತಿ ರಸ್ತೆ ನೀರಲ್ಲಿದೆ. ಅತ್ತೆಗೆ ಉಬ್ಬಸ ಏರಿತ್ತು, ನೆಬ್ಯುಲೈಸರ್ ಹಾಕೋಕೆ ಕರೆಂಟಿಲ್ಲ, ಆಸ್ಪತ್ರೆಗೆ ಹೊರಡೋಣ ಅಂದ್ರೆ ಕಾರಿಗೆ ಮರ ಅಡ್ಡ. ಕತ್ತಲಲ್ಲಿ ಅವರನ್ನ ಕೂರಿಸಿಕೊಂಡು ಬೆನ್ನು ತಿಕ್ಕುತ್ತಾ ಬೆಳಗು ಮಾಡಿದ್ದೀನಿ. ಮೇ ತಿಂಗಳಲ್ಲೇ ಇದೇ ಗುಂಪಲ್ಲಿ ಹೇಳಿದ್ದೆ. ಹೆಬ್ಬೆಟ್ಟು ಒತ್ತಿ ಸುಮ್ಮನಾದ್ರಿ. ಇನ್ನೂ ಒಂಬತ್ತು ನಿಂತಿವೆ. ಯಾರಾದ್ರೂ ಸಾಯಬೇಕಾ?

ಗೇಟ್‌ಮನೆ ತಮ್ಮ, 5:52
ಅಕ್ಕಾ, ತಂತಿ ಹತ್ರ ಯಾರೂ ಹೋಗ್ಬೇಡಿ. ಲೈನ್‌ಮನ್‌ಗೆ ಹೇಳಿದ್ದೀನಿ, ಹಾಲಿನವನನ್ನೂ ಕೆಳಗೇ ನಿಲ್ಲಿಸಿದ್ದೀನಿ. ನಮ್ಮಲ್ಲಿ ಯುಪಿಎಸ್ ಇದೆ. ಅತ್ತೆಯನ್ನ ಹಿತ್ತಲ ದಾರಿಯಲ್ಲಿ ಕರ್ಕೊಂಡು ಬನ್ನಿ, ನಾನೂ ಬರ್ತೀನಿ.

ಸುಬೇದಾರ್ ಸಾರ್, 6:05
ಒಂಬತ್ತೂ ಇವತ್ತೇ ಬುಡಸಮೇತ ತೆಗೀಬೇಕು. ಮೀಟಿಂಗ್ ಬೇಡ, ಅರ್ಜಿ ಬೇಡ. 1976ರ ಮರ ಕಾಯ್ದೆಯಲ್ಲಿ ಸಿಲ್ವರಿಗೆ ವಿನಾಯಿತಿ ಇದೆ. ಗರಗಸ ನನ್ನ ಹತ್ರ ಇದೆ.

ಸುಬೇದಾರ್ ಸಾರ್, 6:06
ಯಾರು ಯಾರು ಬರ್ತೀರಿ, ಹೆಸರು ಹಾಕಿ.

ಎರಡನೇ ಅಡ್ಡರಸ್ತೆ ಅಣ್ಣ, 6:20
🌹🌹 ಶುಭೋದಯ. ಇಂದಿನ ದಿನ ಎಲ್ಲರಿಗೂ ಸಂತಸ ತರಲಿ 🌹🌹

ಗೇಟ್‌ಮನೆ ತಮ್ಮ, 6:21
ಅಣ್ಣ, ಇವತ್ತೊಂದು ದಿನ ಹೂವು ಬೇಡ.

ಮೇಷ್ಟ್ರು, 7:35
ಲೈನ್ ಆಫ್ ಮಾಡಿದ ಮೇಲೆ ಹೋಗಿ ನೋಡಿ ಬಂದೆ. ಅಕ್ಕನ ಸಿಟ್ಟು ನ್ಯಾಯ. ಆದ್ರೆ ಬಿದ್ದ ಮರವನ್ನ ಒಂದ್ಸಲ ಎಲ್ಲರೂ ನೋಡಿ. ತೆಂಗಿನ ಮರಕ್ಕಿಂತ ಎತ್ತರ, ಆದ್ರೆ ಬುಡ ತಬ್ಬಿದ್ರೆ ನನ್ನ ಎರಡೂ ಕೈ ಸೇರಿ ಇನ್ನೂ ಕೈಯೇ ಮಿಗುವಷ್ಟು ಸಣ್ಣ. ಕೊಂಬೆ ಇರೋದು ತುದಿಯಲ್ಲಿ ಮಾತ್ರ. ಒತ್ತೊತ್ತಾಗಿ ನೆಟ್ಟ ಮರ ಹೀಗೇ ಬೆಳೆಯೋದು. ಪಕ್ಕದ ಮರದ ನೆರಳು ದಾಟಿ ಬೆಳಕು ಹಿಡಿಯೋ ಅವಸರಕ್ಕೆ ಉದ್ದ ಹೋಗುತ್ತೆ, ದಪ್ಪ ಆಗಲ್ಲ. ಗುಂಪಲ್ಲಿರೋವರೆಗೆ ತೊಂದರೆ ಇಲ್ಲ, ಗಾಳಿಯನ್ನ ಎಲ್ಲ ಸೇರಿ ತಡೀತವೆ. ಹೋದ ವರ್ಷ ಸೈಟ್ ಮಾಡೋಕೆ ಹಿಂದಿನ ನಾಲ್ಕು ಸಾಲು ಕಡಿದ್ರಲ್ಲ, ಆಗ ಈ ಅಂಚಿನ ಸಾಲು ಒಂಟಿ ಆಯ್ತು. ಹುಟ್ಟಿದಾಗಿಂದ ನೇರ ಗಾಳಿ ಕಾಣದ ಮರಕ್ಕೆ ಜುಲೈ ಗಾಳಿ ಹೊಡೆದ್ರೆ ಇನ್ನೇನಾಗುತ್ತೆ?

ಸುಬೇದಾರ್ ಸಾರ್, 7:37
ಅಂದ್ರೆ ಕಡೀಬೇಕು. ನಾನು ಹೇಳಿದ್ದೂ ಅದೇ.

ಲೈಬ್ರರಿ ಪಕ್ಕದ ಮನೆ, 7:44
ಮೇಲಿನ ತೋಟದವರ ಮೇಲೆ ಕಂಪ್ಲೇಂಟ್ ಕೊಡಿ. ಸೈಟಿನ ದುಡ್ಡು ಅವರಿಗೆ, ಬೀಳೋ ಮರ ನಮಗೆ.

ಎರಡನೇ ಅಡ್ಡರಸ್ತೆ ಅಣ್ಣ, 7:50
ನಮ್ಮ ಭಾವನ ಮೇಲೆ ಹಾಕ್ಬೇಡಿ. ಅಲ್ಲಿದ್ದ ಹಳೇ ಅತ್ತಿ, ನೇರಳೆ ಕಡಿಸಿದ್ದು ಯಾರು? ಹಣ್ಣು ಕಾರಿನ ಮೇಲೆ ಬೀಳುತ್ತೆ, ಬಾವಲಿ ಬರುತ್ತೆ ಅಂತ ಇಡೀ ರಸ್ತೆ ಸಹಿ ಹಾಕಿದ್ರಿ. ಮೊದಲ ಸಹಿ ಸುಬೇದಾರ್ ಸಾರ್‌ದು.

ಸುಬೇದಾರ್ ಸಾರ್, 7:51
ಆ ಕಾಗದ ತೋರ್ಸಿ. ಈಗಲೇ ಹಾಕಿ ಇಲ್ಲಿ.

ಸುಬೇದಾರ್ ಸಾರ್, 7:53
ನಾನು ಕೊಂಬೆ ಮಾತ್ರ ಸವರಿ, ಕಪಾತು ಮಾಡಿ ಅಂದಿದ್ದೆ. ಬುಡ ತೆಗೀರಿ ಅಂದಿರಲಿಲ್ಲ.

ಮೂಲೆಮನೆ ಅಕ್ಕ, 8:02
ನಾನೂ ಸಹಿ ಹಾಕಿದ್ದೆ. ತಪ್ಪಾಯ್ತು. ಆ ಅತ್ತಿ ನೆರಳಲ್ಲೇ ಮದ್ದುಸೊಪ್ಪು ಬೆಳೀತಿತ್ತು. ಕಕ್ಕಡ ಹದಿನೆಂಟಕ್ಕೆ, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ರಸ್ತೆಯವರೆಲ್ಲ ಅಲ್ಲಿಂದಲೇ ಕೊಯ್ದು ಪಾಯಸ ಮಾಡ್ತಿದ್ದು ಮರೆತ್ರಾ? ಮರ ಹೋದ ಎರಡನೇ ವರ್ಷಕ್ಕೆ ಬಿಸಿಲು ಬಿದ್ದು ಸೊಪ್ಪು ಸುಟ್ಟು ಹೋಯ್ತು. ಈಗ ಅಲ್ಲಿ ಲಂಟಾನದ ಮುಳ್ಳುಕಳೆ, ಕೈ ಹಾಕೋಕಾಗಲ್ಲ. ಇನ್ನು ಮೂರು ವಾರಕ್ಕೆ ಕಕ್ಕಡ ಹದಿನೆಂಟು, ಸೊಪ್ಪನ್ನ ಸಂತೆಯಲ್ಲಿ ದುಡ್ಡು ಕೊಟ್ಟು ತರ್ಬೇಕು.

ಲೈಬ್ರರಿ ಪಕ್ಕದ ಮನೆ, 8:10
(ಫಾರ್ವರ್ಡ್) ತುರ್ತು!! ಕೊಡಗಿನಲ್ಲಿ ಈಗಷ್ಟೇ ಭಾರೀ ಬರೆ ಕುಸಿತ, ವಿಡಿಯೋ ನೋಡಿ, ಎಲ್ಲರಿಗೂ ಕಳಿಸಿ!!

ಗೇಟ್‌ಮನೆ ತಮ್ಮ, 8:12
ಇದು 2018ರ ಆಗಸ್ಟಿನ ವಿಡಿಯೋ. ದಯವಿಟ್ಟು ತೆಗೀರಿ. ನಮ್ಮ ಅಮ್ಮನ ತವರು ಮಕ್ಕಂದೂರು ಕಡೆ, ಆ ವರ್ಷ ಅಲ್ಲೂ ಬರೆ ಕುಸಿದಿತ್ತು. ಪ್ರತಿ ಮಳೆಗಾಲ ಇದನ್ನ ಯಾರಾದ್ರೂ ಹಾಕ್ತಾರೆ, ಅಮ್ಮ ಮತ್ತೆ ಊಟ ಬಿಡ್ತಾರೆ.

ಲೈಬ್ರರಿ ಪಕ್ಕದ ಮನೆ, 8:13
ಕ್ಷಮಿಸಪ್ಪ. ತೆಗೆದೆ.

ಮೇಷ್ಟ್ರು, 8:40
ಗೇಟ್‌ಮನೆ ಹುಡುಗ ಬರೆ ಕುಸಿತದ ಬಗ್ಗೆ ಹೇಳಿದ್ದಕ್ಕೇ ಇದನ್ನ ಬರೀತಿದ್ದೀನಿ. ಒಂಬತ್ತನ್ನೂ ಒಂದೇ ದಿನ ಕಡಿದ್ರೆ ಬೇರು ತಕ್ಷಣ ಸಾಯಲ್ಲ, ಒಂದೆರಡು ವರ್ಷ ಮಣ್ಣು ಹಿಡಿದಿರುತ್ತೆ. ಆಮೇಲೆ ಕೊಳೀತಾ ಬರುತ್ತೆ. ಅಷ್ಟರಲ್ಲಿ ಹೊಸ ಬೇರು ಇಳಿದಿರದಿದ್ರೆ ಬರೆ ನಮ್ಮ ಅಡುಗೆಮನೆಗೆ ಬರುತ್ತೆ.

ಖಾಲಿ ಬಿಟ್ರೆ ಏನು ಬರುತ್ತೆ ಅನ್ನೋದೂ ನೋಡಿ. ಸಿಲ್ವರ್ ತಾನಾಗಿ ಮರಳಿ ಬರೋ ಜಾತಿ ಅಲ್ಲ. ಅದರ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಕಾಡು. ತಾಯಿಮರದ ಬೇರಿನ ಹತ್ರ ಅದರದ್ದೇ ಸಸಿ ಉಳಿಯಲ್ಲ ಅಂತ ಅಲ್ಲಿನ ವಿಜ್ಞಾನಿಗಳು 1967ರಲ್ಲೇ ತೋರಿಸಿದ್ದಾರೆ. ಅಲ್ಲಿ ಆ ಜಾಗವನ್ನ ಬೇರೆ ಜಾತಿಯವು ತುಂಬ್ತವೆ. ಇಲ್ಲಿ ಪಕ್ಕದಲ್ಲಿರೋದು ಲಂಟಾನ. ಪಿಕಳಾರ ಹಕ್ಕಿ ಹಣ್ಣು ತಿಂದು ಎಲ್ಲ ಕಡೆ ಬೀಜ ಹಾಕುತ್ತೆ, ಬಿಸಿಲು ಸಿಕ್ಕಿದ ಕಡೆ ಪೊದೆ ಏಳುತ್ತೆ. ಅದರಡಿ ಬೇರೆ ಮರದ ಸಸಿ ಮೇಲೆ ಬರೋದು ಕಷ್ಟ. ಮೇಲೆ ನೆರಳು ಕೂಡಿದ್ರೆ ಮಾತ್ರ ಲಂಟಾನ ಸೊರಗುತ್ತೆ.

ಏಳನೇ ಮರದ ಬುಡದಲ್ಲಿ ಮಾತ್ರ ಒಂದು ಒಳ್ಳೇದು ಕಂಡೆ. ಮೊಣಕಾಲೆತ್ತರದ ನಾಲ್ಕು ಉಪ್ಪಳಿಗೆ ಸಸಿ, ಯಾರೂ ನೆಟ್ಟಿದ್ದಲ್ಲ. ತೊಟ್ಟು ಎಲೆಯ ಅಂಚಿಗೆ ಅಂಟದೆ ನಡುವಿಗೇ ಅಂಟಿರುತ್ತೆ, ಕೊಡೆ ಹಿಡಿದ ಹಾಗೆ. ಕಾಡು ಕಡಿದ ಜಾಗಕ್ಕೆ ಮೊದಲು ಬರೋ ನಮ್ಮ ಮರ ಅದು. ಬೇಗ ನೆರಳು ಕೊಡುತ್ತೆ, ಆ ನೆರಳಲ್ಲಿ ನೇರಳೆ, ಅತ್ತಿ ಎದ್ದು ನಿಲ್ತವೆ. ಕಾಡು ಕತ್ತಿ ಹಿಡಿದು ಹೋಗೋರು ಅದನ್ನ ಸವರಬೇಡಿ.

ನನ್ನ ಮಾತು ಇಷ್ಟೇ. ವಾಲಿರೋ ಎರಡನ್ನ ಈಗ ಇಳಿಸೋಣ. ಉಳಿದ ಏಳರ ತುದಿ ಕಪಾತು ಮಾಡಿದ್ರೆ ಗಾಳಿ ಹಿಡಿಯೋದು ಕಮ್ಮಿ ಆಗುತ್ತೆ, ಸಿಲ್ವರ್ ಮತ್ತೆ ಚಿಗುರುತ್ತೆ. ನಡುವೆ ಹಾಲುವಾಣ ಮರದ ಗೂಟ ಊರೋಣ, ಈ ಮಳೆಗೇ ಬೇರು ಬಿಡುತ್ತೆ. ಅತ್ತಿ, ನೇರಳೆ, ಹಲಸಿನ ಸಸಿ ನಾನು ತರ್ತೀನಿ. ಅವು ದೊಡ್ಡದಾದ ಹಾಗೆ ವರ್ಷಕ್ಕೆರಡು ಸಿಲ್ವರ್ ತೆಗೀತಾ ಹೋಗೋಣ.

ಮೂಲೆಮನೆ ಅಕ್ಕ, 8:47
ಮೇಷ್ಟ್ರೇ, ನಾನು ಒಪ್ಪಿದೆ. ನಮ್ಮ ಗೇಟಿನ ಕಡೆಯ ನಾಲ್ಕು ಸಸಿಗೆ ನೀರು, ಬೇಲಿ ನನ್ನದು.

ಸುಬೇದಾರ್ ಸಾರ್, 8:49
ವರ್ಷಕ್ಕೆರಡು ಅಂದ್ರೆ ನಾಲ್ಕೈದು ವರ್ಷ! ಅಷ್ಟರಲ್ಲಿ ನಾನಿರ್ತೀನೋ ಇಲ್ವೋ.

ಲೈಬ್ರರಿ ಪಕ್ಕದ ಮನೆ, 8:55
ಬಿದ್ದ ಮರದ ಸೌದೆ ಯಾರಿಗೆ?

ಎರಡನೇ ಅಡ್ಡರಸ್ತೆ ಅಣ್ಣ, 8:56
ಭಾವನ ಮರ. ಮೆಣಸು ಬಳ್ಳಿಯೂ ಅವರದ್ದೇ, ಯಾರೂ ಕೀಳಬೇಡಿ. ಕಪಾತಿಗೆ ಆಳು ಕಳಿಸ್ತಾರಾ ಅಂತ ಕೇಳ್ತೀನಿ.

ಶೆಡ್ ಮನೆ ಆಂಟಿ, 9:10
ಹಲಸು ಮಾತ್ರ ಬೇಡ. ಹಣ್ಣಿನ ವಾಸನೆಗೆ ಆನೆ ಬರುತ್ತೆ. ಸುಂಟಿಕೊಪ್ಪ ಕಡೆ ಎಷ್ಟು ತೋಟದಲ್ಲಿ ಅದಕ್ಕೇ ಕಾಯಿ ಇರುವಾಗಲೇ ಕಿತ್ತು ಹಾಕ್ತಾರೆ. ಮೊನ್ನೆ ತೋಟದ ಆಳುಗಳ ಲೈನ್ ಮನೆ ಹಿಂದೆ ಆನೆ ಲದ್ದಿ ಬಿದ್ದಿತ್ತು.

ಗೇಟ್‌ಮನೆ ತಮ್ಮ, 9:11
ಯಾವಾಗ ಆಂಟಿ? ನನ್ನ ಮಗಳು ಅದೇ ದಾರಿಯಲ್ಲಿ ಸ್ಕೂಲ್ ಬಸ್ಸಿಗೆ ಹೋಗೋದು.

ಸುಬೇದಾರ್ ಸಾರ್, 9:12
ಇದು ಮುಖ್ಯ. ಸೋಲಾರ್ ಬೇಲಿ ಹಾಕಿಸ್ಬೇಕು ಅಂತ ನಾನು ಎರಡು ವರ್ಷದಿಂದ ಹೇಳ್ತಿದ್ದೀನಿ.

ಎರಡನೇ ಅಡ್ಡರಸ್ತೆ ಅಣ್ಣ, 9:14
ಬೀದಿದೀಪವೂ ಇಲ್ಲ ಆ ತಿರುವಲ್ಲಿ.

ಶೆಡ್ ಮನೆ ಆಂಟಿ, 9:15
ಒಂಟಿ ಸಲಗ ಅಂತಾರೆ. ಹೆಜ್ಜೆ ಫೋಟೋ ಹಾಕ್ತೀನಿ ಇರಿ.

ಕಾರ್ಯದರ್ಶಿ, 10:30
ಎಲ್ಲರ ಗಮನಕ್ಕೆ: ಭಾನುವಾರ ಬೆಳಿಗ್ಗೆ 8ಕ್ಕೆ ಬಸ್ ಸ್ಟಾಪ್ ಹತ್ರ ಸೇರೋಣ. ವಿಷಯ: ಆನೆ, ಸೋಲಾರ್ ಬೇಲಿ, ತಿರುವಿನ ದೀಪ. ಸಮಯ ಇದ್ರೆ ಮರದ ವಿಷಯ.

ಮೂಲೆಮನೆ ಅಕ್ಕ, 10:34
ಸಮಯ ಇದ್ರೆ ಅಲ್ಲ ಅಣ್ಣ. ಮೂರನೇ ಮರದ ಬುಡದಲ್ಲಿ ಮಣ್ಣು ಬಾಯಿ ಬಿಟ್ಟಿದೆ, ನನ್ನ ಅಂಗೈ ಒಳಗೆ ಹೋಗುತ್ತೆ. ಭಾನುವಾರದವರೆಗೆ ಕಾಯೋಕೆ ನನಗೆ ಧೈರ್ಯ ಇಲ್ಲ. ಮಧ್ಯಾಹ್ನ ಮೂರಕ್ಕೆ ಹಗ್ಗ ತಗೊಂಡು ಬರೆ ಹತ್ರ ಇರ್ತೀನಿ. ಸುಬೇದಾರ್ ಸಾರ್, ಆ ಎರಡಕ್ಕೆ ಮಾತ್ರ ನಿಮ್ಮ ಗರಗಸ ಬೇಕು. ಮೇಷ್ಟ್ರೇ, ಉಪ್ಪಳಿಗೆ ಸಸಿಗಳಿಗೆ ಕೆಂಪು ಬಟ್ಟೆ ಕಟ್ಟಿಡಿ, ಯಾರೂ ತುಳಿಯದ ಹಾಗೆ.

ಸುಬೇದಾರ್ ಸಾರ್, 10:41
ಮೂರಕ್ಕೆ ಬರ್ತೀನಿ ಅಮ್ಮ. ಆನೆ ವಿಷಯ ಅಲ್ಲೇ ಮಾತಾಡೋಣ.